ನವಿಲುಗರಿ ಪಾಚಿಯಾಗದಂತೆ ವಿಡಿಯೋ ಎಡಿಟ್ ಮಾಡುವುದು

2023ರ ಹೋಳಿ. ಆ ವರ್ಷ ಶಿರಸಿಯಲ್ಲಿ ಬೇಡರ ವೇಷ ಇತ್ತು, ಬೇಡನ ವೇಷ ಹಾಕಿ ರಾತ್ರಿ ಪೇಟೆಯಲ್ಲಿ ಕುಣಿಯುವ ಹೋಳಿ ಆಚರಣೆ. ಒಂದು ವರ್ಷ ಮಾರಿಕಾಂಬೆ ಜಾತ್ರೆ ಆದರೆ ಮರು ವರ್ಷ ಬೇಡರ ವೇಷ, ಹಾಗೆ ಸರದಿ. ಅಣ್ಣನ ಮಗ ಪೇಟೆಯಲ್ಲಿ ಸರಿರಾತ್ರಿಯವರೆಗೆ ನಿಂತು ಫೋನಿನಲ್ಲಿ ನಲವತ್ತು ನಿಮಿಷ ಶೂಟ್ ಮಾಡಿದ್ದ. ತಮಟೆಯ ಏಟು, ಕೆಂಪು ಬಟ್ಟೆ, ಕೈಯಲ್ಲಿ ಕತ್ತಿ ಗುರಾಣಿ, ಬೆನ್ನಿಗೆ ನವಿಲುಗರಿಯ ದೊಡ್ಡ ಕಟ್ಟು. ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿದ್ದರೂ ಬೇಡನ ವೇಷದವನು ಜನರ ಮೇಲೆ ಹಾರಿ ಹಾರಿ ಬರುತ್ತಿದ್ದ. ಎಲ್ಲ ಚೆನ್ನಾಗಿ ಸಿಕ್ಕಿತ್ತು. ಅದನ್ನು ಎಂಟು ನಿಮಿಷಕ್ಕೆ ಇಳಿಸಿ, ಹೆಸರು ಹಾಕಿ, ಟಿವಿಯಲ್ಲಿ ಮನೆಯವರಿಗೆಲ್ಲ ತೋರಿಸಿದೆ. ಮಾವ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಬೆನ್ನಿಗೆ ಪಾಚಿ ಕಟ್ಟಿಕೊಂಡಿದ್ದಾನಾ?"

ಹೌದು, ಪಾಚಿಯೇ. ಫೋನಿನಲ್ಲಿ ಒಂದೊಂದು ಗರಿಯ ಕಣ್ಣೂ ಕಾಣುತ್ತಿತ್ತು. ಟಿವಿಯಲ್ಲಿ ಮಳೆಗಾಲದ ಅಂಗಳದ ಕಲ್ಲಿನ ಹಾಗೆ ಹಸಿರು ಮುದ್ದೆ. ಎಡಿಟ್ ಆದದ್ದನ್ನು ಒಂದು ಫೈಲಾಗಿ ಹೊರಗೆ ತೆಗೆಯುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ನಾನು 4ಕೆ ಎಂಬ ದೊಡ್ಡ ಅಳತೆಯನ್ನೇ ಆರಿಸಿದ್ದೆ. ಮತ್ತೆ ಯಾಕೆ ಹೀಗೆ?

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಹುಡುಗ ಫೋನಿನ ಯಾವುದೋ ಆ್ಯಪ್‌ನಲ್ಲಿ ಬೇಡದ್ದನ್ನು ಕತ್ತರಿಸಿ ಸೇವ್ ಮಾಡಿದ್ದ. ಅದು ಒಂದು ಸಲ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೋ ಅಂತ ಕಳಿಸಿದ್ದ. ಎರಡು. ನಾನು ಹೆಸರು ಹಾಕಿ ಎಕ್ಸ್‌ಪೋರ್ಟ್ ಮಾಡಿದೆ. ಮೂರು. ಹೆಸರಲ್ಲಿ ಒಂದು ಅಕ್ಷರ ತಪ್ಪಿತ್ತು. ಪ್ರಾಜೆಕ್ಟ್ ತೆರೆಯಲು ಸೋಮಾರಿತನ. ಎಕ್ಸ್‌ಪೋರ್ಟ್ ಆದ ಫೈಲನ್ನೇ ಒಳಗೆ ತಂದು, ಮೇಲೊಂದು ಪಟ್ಟಿ ಹಚ್ಚಿ, ಮತ್ತೆ ಹೊರಗೆ ಬಿಟ್ಟೆ. ನಾಲ್ಕು! ಪ್ರತಿ ಸಲವೂ ಸಾಫ್ಟ್‌ವೇರು ಚಿತ್ರವನ್ನು ಬಿಚ್ಚಿ ಮತ್ತೆ ಹೊಸದಾಗಿ ಹಿಂಡುತ್ತದೆ, ಅಂದರೆ ಫೈಲು ಚಿಕ್ಕದಾಗಲಿ ಅಂತ ವಿವರ ಕಡಿಮೆ ಮಾಡುತ್ತದೆ. ಹಿಂಡುವಾಗ ಮೊದಲು ಎಸೆಯುವುದು ಸಣ್ಣ ಸಣ್ಣ ಗೆರೆಗಳನ್ನೇ. ನವಿಲುಗರಿಯಲ್ಲಿ ಇರುವುದು ಬರೀ ಗೆರೆ ತಾನೆ?

ಅಡಕೆ ಬೆಳೆಯುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಹಸಿರಿದ್ದಾಗ ಕೊಯ್ದು ಬೇಯಿಸಿದರೆ ರಾಶಿ. ಹಣ್ಣಾಗಲು ಬಿಟ್ಟು ಒಣಗಿಸಿದರೆ ಚಾಲಿ. ಚಾಲಿ ಆದದ್ದನ್ನು ಎಷ್ಟು ಬೇಯಿಸಿದರೂ ರಾಶಿ ಆಗುವುದಿಲ್ಲ. ವಾಟ್ಸ್ಆ್ಯಪ್ ಹಿಂಡಿದ ವಿಡಿಯೋವನ್ನು 4ಕೆ ಮಾಡುವುದೂ ಅಷ್ಟೇ. ಅಳತೆ ದೊಡ್ಡದಾಗುತ್ತದೆ, ಹೋದ ಗೆರೆ ಬರುವುದಿಲ್ಲ.

ಹಾಗಾಗಿ ನನ್ನ ಕ್ರಮ ಈಗ ಒಂದೇ. ಕ್ಯಾಮೆರಾದಿಂದ ಬಂದ ಮೂಲ ಫೈಲನ್ನೇ ಎಡಿಟಿಂಗಿಗೆ ತರಬೇಕು, ಒಂದೇ ಸಲ ಹಿಂಡಬೇಕು. ಫೋನಿನಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ. ದೂರದವರು ಕಳಿಸುವುದಾದರೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. 2 ಜಿಬಿವರೆಗೆ ಹೋಗುತ್ತದೆ, ಚಿತ್ರವನ್ನು ಮುಟ್ಟುವುದಿಲ್ಲ. ಎಚ್‌ಡಿ ಅಂತ ಒಂದು ಆಯ್ಕೆ ಇದೆಯಲ್ಲ, ಅದೂ ಹಿಂಡುತ್ತದೆ, ಸ್ವಲ್ಪ ಕಡಿಮೆ ಅಷ್ಟೇ. ಬರೀ ತಲೆ ಬಾಲ ಕತ್ತರಿಸುವ ಕೆಲಸವಿದ್ದರೆ ಎಡಿಟರ್ ತೆರೆಯಲೇ ಬೇಡಿ. ಲಾಸ್‌ಲೆಸ್‌ಕಟ್ ಎಂಬ ಉಚಿತ ಸಾಫ್ಟ್‌ವೇರು ಹಿಂಡದೆಯೇ ಕತ್ತರಿಸುತ್ತದೆ. ಕತ್ತರಿ ನೀವು ಹೇಳಿದ ಜಾಗದಿಂದ ಒಂದೆರಡು ಸೆಕೆಂಡ್ ಆಚೀಚೆ ಬೀಳಬಹುದು. ಮನೆ ವಿಡಿಯೋಕ್ಕೆ ಅಡ್ಡಿಯಿಲ್ಲ.

ನಾನು ಬಳಸುವುದು ಶಾಟ್‌ಕಟ್ ಮತ್ತು ಕೆಡೆನ್‌ಲೈವ್. ಎರಡೂ ಉಚಿತ, 8 ಜಿಬಿ ರ‍್ಯಾಮ್‌ನ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಓಡುತ್ತವೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಣ್ಣದ ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಅದಕ್ಕೆ ಗಟ್ಟಿ ಕಂಪ್ಯೂಟರ್ ಬೇಕು. ಲಿನಕ್ಸ್ ಇರುವವರಿಗೆ ಇನ್ನೊಂದು ಕಿರಿಕಿರಿ, ಉಚಿತ ಆವೃತ್ತಿ ಅಲ್ಲಿ ಎಚ್ 264 ಎಂಬ ರೀತಿಯಲ್ಲಿ ಹಿಂಡಿದ ಫೋನಿನ ಫೈಲುಗಳನ್ನೇ ತೆರೆಯುವುದಿಲ್ಲ. ಯಾವುದು ಬಳಸಿದರೂ ಮುಂದಿನ ಮಾತು ಬದಲಾಗುವುದಿಲ್ಲ.

ಶೂಟಿಂಗಿನ ಬಗ್ಗೆ ಎರಡೇ ಮಾತು. ಫೋನಿನಲ್ಲಿ ಎಚ್‌ಡಿಆರ್ ವಿಡಿಯೋ (ಬೆಳಕು ಕತ್ತಲೆಯ ಅಂತರವನ್ನು ಹೆಚ್ಚು ಹಿಡಿಯುವ ಬಗೆ) ಆಫ್ ಮಾಡಿ. ಇಲ್ಲದಿದ್ದರೆ ಎಡಿಟರ್‌ನಲ್ಲಿ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಅಥವಾ ಬಣ್ಣ ಸತ್ತು ಹೋಗುತ್ತದೆ. ಇನ್ನೊಂದು, ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಮದುವೆ ಚಪ್ಪರದಲ್ಲಿ ತೆಗೆದ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಹರಿಯುವುದನ್ನು ನೋಡಿದ್ದೀರಲ್ವಾ? ಶಟರನ್ನು ಸೆಕೆಂಡಿನ 50ನೇ ಒಂದು ಅಥವಾ 100ನೇ ಒಂದು ಭಾಗಕ್ಕೆ ಕಟ್ಟಿ ಹಾಕಿದರೆ ಪಟ್ಟೆ ಹೋಗುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಅಥವಾ ಓಪನ್ ಕ್ಯಾಮೆರಾ ಆ್ಯಪ್‌ನಲ್ಲಿ ಇದು ಸಿಗುತ್ತದೆ. ಅಗ್ಗದ ಎಲ್‌ಇಡಿ ಸ್ಟೇಜ್ ಲೈಟುಗಳು ಮಾತ್ರ ಇದಕ್ಕೂ ಬಗ್ಗುವುದಿಲ್ಲ.

ಈಗ ಎಡಿಟರ್ ಒಳಗೆ. ಬಹಳ ಜನ ಎಕ್ಸ್‌ಪೋರ್ಟ್ ಬಟನ್ ಹತ್ತಿರ ಬಂದ ಮೇಲೆ ಗುಣಮಟ್ಟದ ಚಿಂತೆ ಶುರು ಮಾಡುತ್ತಾರೆ. ಅರ್ಧ ಹಾಳಾಗುವುದು ಪ್ರಾಜೆಕ್ಟ್ ಶುರುವಾಗುವಾಗಲೇ. ಫೋನು ಸೆಕೆಂಡಿಗೆ 30 ಫ್ರೇಮ್‌ನಲ್ಲಿ, ಅಂದರೆ 30 ಬಿಡಿ ಚಿತ್ರಗಳಲ್ಲಿ, ತೆಗೆದದ್ದನ್ನು 25ರ ಪ್ರಾಜೆಕ್ಟಿಗೆ ಹಾಕಿದರೆ ಸಾಫ್ಟ್‌ವೇರು ಪ್ರತಿ ಆರನೇ ಫ್ರೇಮನ್ನು ಎಸೆಯುತ್ತದೆ. ನಿಂತ ಚಿತ್ರದಲ್ಲಿ ಗೊತ್ತಾಗದು. ಯಕ್ಷಗಾನದ ವೇಷ ಗಿರಕಿ ಹೊಡೆಯುವಾಗ ನೋಡಿ, ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ತಡೆದು ತಡೆದು ತಿರುಗುತ್ತದೆ. ಕೆಡೆನ್‌ಲೈವ್‌ಗೆ ಮೊದಲ ಕ್ಲಿಪ್ ಹಾಕಿದಾಗ, ಪ್ರಾಜೆಕ್ಟನ್ನು ಇದಕ್ಕೆ ಹೊಂದಿಸಲಾ ಅಂತ ಕೇಳುತ್ತದೆ. ಹೂಂ ಅನ್ನಿ. ರಿಸಾಲ್ವ್‌ನಲ್ಲಾದರೆ ಟೈಮ್‌ಲೈನಿಗೆ ಕ್ಲಿಪ್ ಹಾಕುವ ಮೊದಲೇ ಫ್ರೇಮ್ ರೇಟ್ ಸರಿಮಾಡಿ. ಆಮೇಲೆ ಅದು ಬದಲಾಯಿಸಲು ಬಿಡುವುದಿಲ್ಲ.

ಫೋನುಗಳದ್ದು ಮತ್ತೊಂದು ಚಾಳಿ ಇದೆ. 30 ಅಂತ ಹೇಳುತ್ತವೆ, ನಿಜವಾಗಿ 30 ಇರುವುದಿಲ್ಲ. ಬೆಳಕು ಕಡಿಮೆಯಾದರೆ 24ಕ್ಕೆ ಇಳಿಯುತ್ತವೆ, ಮತ್ತೆ ಏರುತ್ತವೆ. ಇದರಿಂದ ಮಾತೂ ತುಟಿಯೂ ಬೇರೆ ಬೇರೆ ಆಗುತ್ತವೆ. ಮೊದಲ ನಿಮಿಷದಲ್ಲಿ ಸರಿ ಇರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಬಂದಾಗ ಭಾಗವತರು ಬಾಯಿ ಮುಚ್ಚಿದ ಮೇಲೂ ಪದ್ಯ ಕೇಳುತ್ತಿರುತ್ತದೆ. ಮೀಡಿಯಾಇನ್ಫೋ ಎಂಬ ಪುಟ್ಟ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಮೋಡ್ ನೋಡಿ. ವೇರಿಯೆಬಲ್ (ಏರಿಳಿಯುವುದು) ಅಂತ ಇದ್ದರೆ ಮೊದಲು ಅದನ್ನು ಕಾನ್‌ಸ್ಟಂಟ್ (ಒಂದೇ ಸಮ) ಮಾಡಿಕೊಳ್ಳಿ. ಶಾಟ್‌ಕಟ್ ಇಂಥ ಫೈಲು ಕಂಡರೆ ತಾನೇ ಕೇಳುತ್ತದೆ, ಎಡಿಟಿಂಗಿಗೆ ಅನುಕೂಲವಾಗುವ ಹಾಗೆ ಬದಲಿಸಲಾ ಅಂತ. ಗುಡ್, ಬೆಟರ್, ಬೆಸ್ಟ್ ಎಂದು ಮೂರು ಹಂತ ಇರುತ್ತವೆ. ನಾನು ಬೆಟರ್ ತೆಗೆದುಕೊಳ್ಳುತ್ತೇನೆ. ಫೈಲು ಕಟ್ಟಿಗೆ ರಾಶಿಯಷ್ಟು ದೊಡ್ಡದಾಗುತ್ತದೆ, ಕೆಲಸ ಮುಗಿದ ಮೇಲೆ ಅಳಿಸಿದರಾಯಿತು. ಒಂದೇ ಸಲ ಹಿಂಡಬೇಕು ಎಂದವಳು ಇಲ್ಲಿ ಇನ್ನೊಂದು ಸಲ ಹಿಂಡಲು ಹೇಳುತ್ತಿದ್ದಾಳಲ್ಲ ಅಂತ ನಿಮಗೆ ಅನ್ನಿಸಬಹುದು. ಬೆಟರ್ ಹಂತದಲ್ಲಿ ಹಿಂಡುವುದು ಎಷ್ಟು ಹಗುರವೆಂದರೆ ಕಣ್ಣಿಗೆ ಸಿಕ್ಕುವುದಿಲ್ಲ.

ಕನ್ನಡದಲ್ಲಿ ಹೆಸರು ಹಾಕುವವರಿಗೆ ಒಂದು ಮಾತು. ಕೆಂಪು ಅಕ್ಷರ ಹಾಕಬೇಡಿ. ಮಾಮೂಲಿ ವಿಡಿಯೋದಲ್ಲಿ ಬೆಳಕಿನ ವಿವರ ಪೂರ್ತಿ ಇರುತ್ತದೆ. ಬಣ್ಣದ ವಿವರ ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ. ಕಪ್ಪಿನ ಮೇಲೆ ಕೆಂಪು ಬರೆದರೆ ಅಂಚು ಕರಗುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಬದುಕುತ್ತದೆ, ನಮ್ಮ ಒತ್ತಕ್ಷರ ಮಸಿ ಬಿದ್ದ ಹಾಗೆ ಆಗುತ್ತದೆ. ಬಿಳಿ ಅಥವಾ ತಿಳಿ ಹಳದಿ ಹಾಕಿ, ದಪ್ಪ ಫಾಂಟ್ ಹಾಕಿ. ನಾನು ನೋಟೋ ಸ್ಯಾನ್ಸ್ ಕನ್ನಡದ ಬೋಲ್ಡ್ ಬಳಸುತ್ತೇನೆ. ಕೆಲವು ಸಾಫ್ಟ್‌ವೇರುಗಳಲ್ಲಿ ಒತ್ತು ಕೆಳಗೆ ಹೋಗದೆ ಪಕ್ಕಕ್ಕೆ ಬಂದು ಕೂರುತ್ತದೆ. ಅದರ ಜೊತೆ ಗುದ್ದಾಡುವ ಬದಲು ಇಂಕ್‌ಸ್ಕೇಪ್‌ನಲ್ಲಿ 1920×1080 ಅಳತೆಯ ಪುಟ ಮಾಡಿ, ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತಂದು ಹಾಕಿ. ಹೆಸರಿನ ಅಕ್ಷರ ಎರಡು ಸಲ ಓದಿ. ಯಾಕೆ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು.

ರಾತ್ರಿಯ ವಿಡಿಯೋದಲ್ಲಿ ಇನ್ನೊಂದು ಶತ್ರು ಇದೆ. ಕತ್ತಲಲ್ಲಿ ಮರಳು ಕುಣಿದ ಹಾಗೆ ಕಾಣುವ ನಾಯ್ಸ್. ಎಕ್ಸ್‌ಪೋರ್ಟ್ ಆಗುವಾಗ ಸಾಫ್ಟ್‌ವೇರಿಗೆ ಈ ಮರಳು ಯಾವುದು, ನವಿಲುಗರಿ ಯಾವುದು ಅಂತ ಗೊತ್ತಾಗುವುದಿಲ್ಲ. ಇರುವ ಬಿಟ್‌ಗಳನ್ನೆಲ್ಲ ಮರಳಿಗೇ ಖರ್ಚು ಮಾಡುತ್ತದೆ. ಗರಿಗೆ ಉಳಿಯುವುದಿಲ್ಲ. ಅದಕ್ಕೇ ಮೊದಲು ಸ್ವಲ್ಪ ಡಿನಾಯ್ಸ್ ಮಾಡಬೇಕು. ಸ್ವಲ್ಪ ಅಂದರೆ ಸ್ವಲ್ಪವೇ. ಮೊದಲ ಸಲ ನಾನು ಸ್ಲೈಡರನ್ನು ಕೊನೆಯವರೆಗೆ ಎಳೆದು, ಬೇಡನ ಮುಖವನ್ನು ಮೇಣದ ಗೊಂಬೆ ಮಾಡಿಟ್ಟಿದ್ದೆ. ಈಗ ಹೀಗೆ ಮಾಡುತ್ತೇನೆ: ಒಂದು ಹತ್ತು ಸೆಕೆಂಡಿನ ತುಂಡು ತೆಗೆದು, ಮೀಸೆಯ ಕೂದಲು ಮಾಯವಾಗುವವರೆಗೆ ಏರಿಸಿ, ಅಲ್ಲಿಂದ ಅರ್ಧಕ್ಕೆ ಇಳಿಸುವುದು. ಕತ್ತಲನ್ನು ಎತ್ತಿ ಬೆಳಕು ಮಾಡುವ ಆಸೆಯನ್ನೂ ಬಿಡಿ. ರಾತ್ರಿ ರಾತ್ರಿಯ ಹಾಗೇ ಇರಲಿ. ಬ್ರೈಟ್‌ನೆಸ್ ಏರಿಸಿದಷ್ಟೂ ಮರಳು ಜಾಸ್ತಿ.

ಇನ್ನು ಎಕ್ಸ್‌ಪೋರ್ಟ್. ಮುಖ್ಯವಾದ ಸಂಖ್ಯೆ 1080 ಅಲ್ಲ, 4ಕೆ ಅಲ್ಲ. ಬಿಟ್‌ರೇಟ್. ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ಮೆಗಾಬಿಟ್ ಖರ್ಚು ಮಾಡಬೇಕು ಎಂಬ ಲೆಕ್ಕ. ನನ್ನ ಪಾಚಿ ವಿಡಿಯೋ 4ಕೆ ಅಳತೆಯದು, ಬಿಟ್‌ರೇಟ್ ಬರೀ 6 ಮೆಗಾಬಿಟ್. ಹತ್ತು ಜನರ ಅನ್ನಕ್ಕೆ ನಲವತ್ತು ಜನರನ್ನು ಕೂರಿಸಿದ ಹಾಗೆ, ಯಾಕೆಂದರೆ 4ಕೆಯಲ್ಲಿ 1080ರ ನಾಲ್ಕು ಪಾಲು ಚುಕ್ಕೆ ಇರುತ್ತವೆ. ಯೂಟ್ಯೂಬ್ ಕೊಡುವ ಸಲಹೆ ಹೀಗಿದೆ: 1080ಕ್ಕೆ 30 ಫ್ರೇಮ್ ಆದರೆ 8 ಮೆಗಾಬಿಟ್, 60 ಆದರೆ 12. 4ಕೆ 30ಕ್ಕೆ 35ರಿಂದ 45. ಇದು ಕನಿಷ್ಠ ಅಂತ ತಿಳಿಯಿರಿ. ಪೂಜೆ, ಮಾತುಕತೆ, ಕ್ಯಾಮೆರಾ ನಿಂತಲ್ಲೇ ನಿಂತದ್ದಾದರೆ 8 ಸಾಕು. ಬೇಡರ ವೇಷ, ಯಕ್ಷಗಾನ, ಸಮುದ್ರದ ಅಲೆ, ಮಳೆ, ಗಾಳಿಗೆ ಅಲ್ಲಾಡುವ ತೋಟ, ಇವಕ್ಕೆ 1080ರಲ್ಲೇ 16 ಕೊಡುತ್ತೇನೆ. ಕಾರವಾರದ ಬೀಚಿನ ಐದು ನಿಮಿಷ ನಮ್ಮನೆ ಸತ್ಯನಾರಾಯಣ ಕಥೆಯ ಅರ್ಧ ಗಂಟೆಗಿಂತ ಕಷ್ಟದ್ದು. ನೀರಿನಲ್ಲಿ ಪ್ರತಿ ಚುಕ್ಕೆಯೂ ಪ್ರತಿ ಫ್ರೇಮಿನಲ್ಲೂ ಬದಲಾಗುತ್ತದೆ.

ಫೈಲು ಎಷ್ಟು ದೊಡ್ಡದಾಗುತ್ತದೆ? ಮೆಗಾಬಿಟ್ ಸಂಖ್ಯೆಯನ್ನು ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿ. 12 ಮೆಗಾಬಿಟ್‌ನ ಒಂದು ಗಂಟೆ ಅಂದರೆ 12 × 3600 ÷ 8, 5400 ಎಂಬಿ. ಟಿವಿಗೆ ಹಾಕುವ ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೇ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದೇ ಇಲ್ಲ. ಎಕ್ಸ್‌ಎಫ್‌ಎಟಿ ಮಾಡಿಕೊಳ್ಳಿ, ನಿಮ್ಮ ಟಿವಿ ಅದನ್ನು ಓದುತ್ತದಾ ಅಂತ ಮೊದಲು ನೋಡಿ.

ಬಿಟ್‌ರೇಟ್ ತಲೆನೋವು ಬೇಡ ಅನ್ನುವವರಿಗೆ ಸಿಆರ್‌ಎಫ್ ಇದೆ. ಇಷ್ಟು ಗುಣಮಟ್ಟ ಬೇಕು ಅಂತ ಹೇಳುವುದು, ಎಷ್ಟು ಬಿಟ್ ಬೇಕೋ ಅದೇ ನೋಡಿಕೊಳ್ಳುತ್ತದೆ. ಎಚ್ 264ಕ್ಕೆ ಹಿಂಡುವ ಎಕ್ಸ್264 ಎಂಬ ಎನ್‌ಕೋಡರಿನಲ್ಲಿ ಮಾಮೂಲಿ ಸಂಖ್ಯೆ 23. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದಪ್ಪ. ಆರು ಇಳಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು. ಮನೆಯಲ್ಲಿ ಉಳಿಸಿಕೊಳ್ಳುವ ಪ್ರತಿಗೆ ನನ್ನದು 18, ಪ್ರೀಸೆಟ್ ಸ್ಲೋ, ಅಂದರೆ ನಿಧಾನವಾಗಿ ಹಿಂಡುವುದು. ಹಾರ್ಡ್‌ವೇರ್ ಎನ್‌ಕೋಡರ್ ಅಂತ ಒಂದು ಟಿಕ್ ಇರುತ್ತದೆ. ಅದನ್ನು ಹಾಕಿದರೆ ಕೆಲಸ ಸರಸರ ಮುಗಿಯುತ್ತದೆ, ಆದರೆ ಅದೇ ಬಿಟ್‌ರೇಟಿಗೆ ಚಿತ್ರ ಸ್ವಲ್ಪ ಕಡಿಮೆ. ನಾನು ರಾತ್ರಿ ಊಟದ ಪಾತ್ರೆ ತೊಳೆಯುವ ಮುಂಚೆ ಒತ್ತಿ ಮಲಗುತ್ತೇನೆ, ಹಾಗಾಗಿ ಅವಸರವಿಲ್ಲ. ಎಚ್ 265 ಎಂಬ ಹೊಸ ರೀತಿಯಲ್ಲಿ ಹಿಂಡಿದರೆ ಫೈಲು ಚಿಕ್ಕದು ಹೌದು, ಆದರೆ ನೆಂಟರ ಮನೆಯ ಹಳೇ ಟಿವಿ ಅದನ್ನು ತೆರೆಯುವುದಿಲ್ಲ. ಹಂಚುವ ಪ್ರತಿ ಎಚ್ 264ರಲ್ಲೇ ಇರಲಿ.

ಒತ್ತಿ ಮಲಗುತ್ತೇನೆ ಅಂದೆ. ಮಳೆಗಾಲದಲ್ಲಿ ಅದರದ್ದೂ ಒಂದು ಕಥೆ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ಬೆಳಿಗ್ಗೆ ನೋಡಿದರೆ 3 ಜಿಬಿಯ ಎಂಪಿ4 ಫೈಲು ಇದೆ, ತೆರೆಯುವುದೇ ಇಲ್ಲ. ಎಂಪಿ4ರಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುತ್ತಾರೆ. ಪಟ್ಟಿ ಬರೆಯುವ ಮೊದಲೇ ಕರೆಂಟು ಹೋದರೆ ಒಳಗೆ ಚಿತ್ರವಿದ್ದೂ ಇಲ್ಲದ ಹಾಗೆ. ಎಂಕೆವಿ ಎಂಬ ಇನ್ನೊಂದು ಬಗೆಯ ಫೈಲು ಹಾಗಲ್ಲ, ನಡುವೆ ನಿಂತರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ಉಳಿಯುತ್ತದೆ. ಅಂದಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಎಕ್ಸ್‌ಪೋರ್ಟ್ ಎಲ್ಲ ಎಂಕೆವಿ. ಮುಗಿದ ಮೇಲೆ ಲಾಸ್‌ಲೆಸ್‌ಕಟ್‌ನಲ್ಲಿ ಎಂಪಿ4 ಪೆಟ್ಟಿಗೆಗೆ ಬದಲಿಸುತ್ತೇನೆ. ಪೆಟ್ಟಿಗೆ ಮಾತ್ರ ಬದಲಾಗುತ್ತದೆ, ಚಿತ್ರವನ್ನು ಮತ್ತೆ ಹಿಂಡುವುದಿಲ್ಲ.

ಹಳೇ ಟೇಪುಗಳ ವಿಷಯವೂ ಇದೆ. ಮೈದುನನ ಮುಂಜಿಯದ್ದು ಮಿನಿಡಿವಿ ಎಂಬ, ಹಳೇ ಕ್ಯಾಮೆರಾಗಳ ಸಣ್ಣ ಡಿಜಿಟಲ್ ಟೇಪಿನಲ್ಲಿತ್ತು. ಮಲೆನಾಡಿನ ಥಂಡಿಗೆ ಟೇಪಿಗೂ ಬೂಸಲು ಬರುತ್ತದೆ, ಬಿಳಿ ಚುಕ್ಕೆ ಕಂಡರೆ ಪ್ಲೇಯರಿಗೆ ಹಾಕಬೇಡಿ, ಹೆಡ್ಡಿಗೂ ಹತ್ತುತ್ತದೆ. ನಮ್ಮದು ಅಕ್ಕಿ ಡಬ್ಬಿಯಲ್ಲಿ ಇದ್ದದ್ದರಿಂದ ಬಚಾವ್. ಮಿನಿಡಿವಿಯನ್ನು ಫೈರ್‌ವೈರ್ ಕೇಬಲ್‌ನಿಂದಲೇ ಇಳಿಸಿ, ಹಳದಿ ಕೆಂಪು ಬಿಳಿ ವಯರಿನಿಂದ ಬೇಡ. ಫೈರ್‌ವೈರ್‌ನಲ್ಲಿ ಟೇಪಿನಲ್ಲಿರುವ ಡಿಜಿಟಲ್ ದತ್ತಾಂಶವೇ ಹಾಗೇ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಚಿತ್ರ 720×576, ಸೆಕೆಂಡಿಗೆ 25 ಫ್ರೇಮ್. ಪ್ರತಿ ಫ್ರೇಮಿನಲ್ಲೂ ಎರಡು ಬೇರೆ ಬೇರೆ ಕ್ಷಣದ ಅರ್ಧರ್ಧ ಗೆರೆಗಳು. ಹಾಗಾಗಿ ಕಂಪ್ಯೂಟರಿನಲ್ಲಿ ನೋಡಿದರೆ ಓಡುವ ಹುಡುಗರ ಅಂಚಿನಲ್ಲಿ ಬಾಚಣಿಗೆ ಹಲ್ಲು ಕಾಣುತ್ತದೆ. ಬಹಳ ಜನ ಅರ್ಧ ಗೆರೆಗಳನ್ನು ಎಸೆದು 25 ಫ್ರೇಮ್‌ನಲ್ಲೇ ಬಿಡುತ್ತಾರೆ. ಹಾಗೆ ಮಾಡಬೇಡಿ. ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಈ ಅರ್ಧರ್ಧ ಗೆರೆ ಬಿಡಿಸುವ ಡಿಇಂಟರ್‌ಲೇಸ್‌ಗೆ ಬಿಡಬ್ಲ್ಯುಡಿಐಎಫ್, ಅದರ ಪ್ರೀಸೆಟ್ ಬಾಬ್, ಫ್ರೇಮ್ ರೇಟ್ 50 ಅಂತ ಇಡಿ. ಎರಡು ಕ್ಷಣಗಳೂ ಬೇರೆ ಬೇರೆ ಫ್ರೇಮ್ ಆಗಿ ಉಳಿಯುತ್ತವೆ. ನಡಿಗೆ ಹಿಂದೆ ಟಿವಿಯಲ್ಲಿ ನೋಡಿದಷ್ಟೇ ನುಣುಪು. ಆಕಾರ ನಾಲ್ಕು ಮೂರರದ್ದೇ ಇರಲಿ. ಪರದೆ ತುಂಬಲಿ ಅಂತ ಅಗಲಕ್ಕೆ ಎಳೆದರೆ ವಟುವೇ ಭಟ್ಟರಿಗಿಂತ ದಪ್ಪ ಕಾಣುತ್ತಾನೆ.

ಧ್ವನಿಗೆ ಜಾಸ್ತಿ ಹೇಳುವುದಿಲ್ಲ. ಚಂಡೆ ಒಡೆದು ಕೇಳಿಸಿದರೆ ಮುಗಿಯಿತು, ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಮಾಡದು. ರೆಕಾರ್ಡ್ ಮಾಡುವಾಗಲೇ ಸದ್ದಿನ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಎಕ್ಸ್‌ಪೋರ್ಟಿನಲ್ಲಿ ಎಎಸಿ ಎಂಬ ಧ್ವನಿ ಬಗೆ, 48 ಕಿಲೋಹರ್ಟ್ಸ್, 320 ಕಿಲೋಬಿಟ್, ಏರು ಸದ್ದು ಮೈನಸ್ 1 ದಾಟದ ಹಾಗೆ ಒಂದು ಲಿಮಿಟರ್. ಯೂಟ್ಯೂಬಿಗೆ ಹಾಕುವವರು ಸುಮ್ನೆ ಸದ್ದು ಏರಿಸಿ ಪ್ರಯೋಜನವಿಲ್ಲ. ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಸದ್ದಿನ ಸರಾಸರಿ ಜೋರಿನ ಅಳತೆ) ಜೋರಿದ್ದದ್ದನ್ನು ಅದು ತಾನೇ ಇಳಿಸುತ್ತದೆ.

ಪೂರ್ತಿ ಎಕ್ಸ್‌ಪೋರ್ಟ್ ಮಾಡುವ ಮೊದಲು ಇಡೀ ವಿಡಿಯೋದಲ್ಲಿ ಅತಿ ಕಷ್ಟದ ಇಪ್ಪತ್ತು ಸೆಕೆಂಡ್ ಹುಡುಕಿ ಅದನ್ನು ಮಾತ್ರ ಹೊರಗೆ ಬಿಡುತ್ತೇನೆ. ಬೇಡ ಗರ್ರನೆ ತಿರುಗುವ ಜಾಗ, ಹಿಂದೆ ಬೆಂಕಿ, ಸುತ್ತ ಜನ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಅಲ್ಲ, ಜಗುಲಿಯ ಟಿವಿಯಲ್ಲಿ ನೋಡುತ್ತೇನೆ. ಲ್ಯಾಪ್‌ಟಾಪಿನ ಸಣ್ಣ ಪರದೆ ಸುಳ್ಳು ಹೇಳುತ್ತದೆ. 2025ರ ಹೋಳಿಯಲ್ಲೂ ಹುಡುಗನೇ ಶೂಟ್ ಮಾಡಿದ, ಮೂಲ ಫೈಲು ಕೇಬಲ್‌ನಲ್ಲೇ ಬಂತು. 1080, 30 ಫ್ರೇಮ್, ಸಿಆರ್‌ಎಫ್ 18. ತಿರುಗುವ ಜಾಗದಲ್ಲಿ ಸಾಫ್ಟ್‌ವೇರು ತಾನೇ 28 ಮೆಗಾಬಿಟ್‌ವರೆಗೆ ಖರ್ಚು ಮಾಡಿತ್ತು. ಮಾವನಿಗೆ ಇಪ್ಪತ್ತು ಸೆಕೆಂಡಿನ ತುಂಡು ತೋರಿಸಿದೆ. ಗರಿಯ ಬಗ್ಗೆ ಮಾತೇ ಎತ್ತಲಿಲ್ಲ. ಹಗ್ಗ ಹಿಡಿದವನ ಮುಖ ನೋಡಿ, ಇವನು ಯಾರ ಮನೆಯವನು ಅಂತ ಕೇಳಿದರು.

ಮೂಲ ಫೈಲುಗಳನ್ನೂ ಪ್ರಾಜೆಕ್ಟ್ ಫೈಲನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟು ಎರಡು ಹಾರ್ಡ್‌ಡಿಸ್ಕಿಗೆ ಹಾಕಿದ್ದೇನೆ. ಒಂದು ಇಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿ. ಇನ್ನೊಂದು ಕುಮಟಾದ ತವರುಮನೆಯಲ್ಲಿ. ಅಲ್ಲಿ ಥಂಡಿ ಕಡಿಮೆ, ಉಪ್ಪುಗಾಳಿ ಜಾಸ್ತಿ. ವರ್ಷಕ್ಕೊಮ್ಮೆ ಹೋದಾಗ ಹಚ್ಚಿ ನೋಡಿ ಬರುತ್ತೇನೆ.